ಪಿಕಪ್‌ಗೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ವೈರಿಂಗ್: ನಮ್ಮ ಕಡೆ ಯಾರಾದರೂ ಮಾಡಿಸಿದ್ದೀರಾ?

ಎರೆಹೊಲ, ಕಲಬುರಗಿ

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನನ್ನದು ಡಬಲ್ ಕ್ಯಾಬಿನ್ ಪಿಕಪ್. ಮಿನಿ ಟ್ರಾಕ್ಟರ್, ರೋಟಾವೇಟರ್ ಬಾಡಿಗೆಗೆ ಕೊಡುತ್ತೇನೆ. ಇವತ್ತು ಆಳಂದ ಕಡೆ ಇದ್ದರೆ ನಾಳೆ ಕಮಲಾಪುರದ ಬಾಳೆ ತೋಟ, ಆಮೇಲೆ ಜೇವರ್ಗಿ. ಟ್ರಾಕ್ಟರನ್ನು ಅಷ್ಟು ದೂರ ಓಡಿಸಿಕೊಂಡು ಹೋದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ. ಅದಕ್ಕೆ ಎರಡು ಆಕ್ಸಲ್‌ನ ಟ್ರೇಲರ್ ಮಾಡಿಸಿದೆ. ಖಾಲಿ ಇದ್ದಾಗ 500 ಕೆಜಿ ಆಸುಪಾಸು, ಮೇಲೆ ಒಂದು ಟನ್ ಲೋಡ್. ಆಕ್ಸಲ್ ಹೊರದೇಶದ್ದು. ನಾಲ್ಕೂ ಗಾಲಿಗೆ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಇದೆ. ಜೊತೆಗೆ ಡ್ಯಾಶ್ ಕೆಳಗೆ ಕೂರಿಸುವ ಕಂಟ್ರೋಲರ್ ಡಬ್ಬಿ. ಅದರಿಂದ ನಾಲ್ಕು ವೈರ್ ಹೊರಗೆ ಬಂದಿವೆ: ಕಪ್ಪು, ಬಿಳಿ, ಕೆಂಪು, ನೀಲಿ.

ವಿಡಿಯೋಗಳಲ್ಲಿ ಎಲ್ಲ ಅಮೆರಿಕದ ಗಾಡಿಗಳೇ. ಡ್ಯಾಶ್ ಕೆಳಗೆ ಕೈ ಹಾಕುತ್ತಾರೆ, ಒಂದು ಪ್ಲಗ್ ಸಿಗುತ್ತದೆ, ಹಾರ್ನೆಸ್ (ಎರಡೂ ತುದಿಗೆ ಪ್ಲಗ್ ಇರುವ ವೈರ್ ಕಟ್ಟು) ಟಕ್ ಅಂತ ಕೂರಿಸುತ್ತಾರೆ, ಕೆಲಸ ಮುಗಿಯಿತು. ನನ್ನ ಗಾಡಿಯಲ್ಲಿ ಅಂಥ ಪ್ಲಗ್ ಇಲ್ಲ. ಇಲ್ಲಿನ ಎರಡು ಅಂಗಡಿಯಲ್ಲಿ ವಿಚಾರಿಸಿದೆ. ಇಬ್ಬರೂ ಹೇಳಿದ್ದು ಒಂದೇ: "ಬ್ರೇಕ್ ಲೈಟ್ ವೈರಿಗೆ ಜಾಯಿಂಟ್ ಹೊಡೆದು ಹಿಂದೆ ಕೊಟ್ಟುಬಿಡೋಣ, ಕಂಟ್ರೋಲರ್ ಎಲ್ಲ ಯಾಕೆ?" ನನಗೆ ಧೈರ್ಯ ಬರಲಿಲ್ಲ.

ಸದ್ಯ ಬ್ರೇಕ್ ಕನೆಕ್ಷನ್ ಇಲ್ಲದೆಯೇ ಓಡಿಸುತ್ತಿದ್ದೇನೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನಿಂದ ಟ್ರೇಲರ್ ದೂಡುವುದು ಸೀಟಿಗೇ ಗೊತ್ತಾಗುತ್ತದೆ. ಸರಿಯಾದ ದಾರಿ ಯಾವುದು ಅಂತ ತಿಳಿದವರು ಹೇಳಿ.

ಸೇಡಂ ರಸ್ತೆ ಲಾರಿ

ಅಣ್ಣಾ, ಮಿನಿ ಟ್ರಾಕ್ಟರನ್ನು ಪಿಕಪ್ ಮೇಲೇ ಹಾಕಿಕೊಂಡು ಹೋಗಬಹುದಲ್ವಾ? ಎಷ್ಟೋ ಮಂದಿ ಹಾಗೇ ಒಯ್ಯುತ್ತಾರೆ.

ಎರೆಹೊಲ, ಕಲಬುರಗಿ

ಡಬಲ್ ಕ್ಯಾಬಿನ್‌ನ ಹಿಂದಿನ ಡಬ್ಬ ಚಿಕ್ಕದು, ಟ್ರಾಕ್ಟರ್ ಕೂರುವುದಿಲ್ಲ. ಅದು ಬಿಟ್ಟರೂ ಅಷ್ಟು ಎತ್ತರಕ್ಕೆ ಹಲಗೆ ಇಟ್ಟು ಹತ್ತಿಸುವುದು ಅಪಾಯ. ಹೊಲದ ಬದುವಿನಲ್ಲಿ ಸಮತಟ್ಟು ಜಾಗ ಎಲ್ಲಿ ಸಿಗುತ್ತದೆ? ಟ್ರೇಲರ್ ತಗ್ಗಿನಲ್ಲಿದೆ, ಒಬ್ಬನೇ ಹತ್ತಿಸಬಹುದು.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಅಂಗಡಿಯವರು ಹೇಳಿದ್ದನ್ನು ಮಾಡಿಸಬೇಡಿ. ಎರಡು ಕಾರಣ ಇವೆ.

ಮೊದಲನೆಯದು ಕರೆಂಟ್. ಗಾಡಿಯ ಬ್ರೇಕ್ ಲೈಟ್ ವೈರ್ ಸಣ್ಣದು. 21 ವಾಟ್‌ನ ಎರಡು ಬಲ್ಬ್ ಉರಿಸಲು ಹಾಕಿದ ವೈರ್ ಅದು. ಎರಡೂ ಸೇರಿ 4 ಆಂಪಿಯರ್ ಒಳಗೆ. ನಿಮ್ಮ ಟ್ರೇಲರ್‌ನ ಒಂದೊಂದು ಗಾಲಿಯಲ್ಲಿ ಬ್ರೇಕ್ ಹಿಡಿಸುವ ಮ್ಯಾಗ್ನೆಟ್ ಸುಮಾರು 3ರಿಂದ 4 ಆಂಪಿಯರ್ ಎಳೆಯುತ್ತದೆ. ನಾಲ್ಕು ಗಾಲಿಗೆ 15ರ ಹತ್ತಿರ. ಫ್ಯೂಸ್ ಹೋದರೆ ಪುಣ್ಯ, ಹೋಗದಿದ್ದರೆ ವೈರ್ ಕಾಯುತ್ತದೆ. ಫ್ಯೂಸ್ ಹೋದರೂ ನಿಮ್ಮ ಗಾಡಿಯ ಬ್ರೇಕ್ ಲೈಟೇ ಆರುತ್ತದೆ, ಹಿಂದೆ ಬರುವವನಿಗೆ ಏನೂ ಕಾಣುವುದಿಲ್ಲ. ಹೊಸ ಗಾಡಿಗಳಲ್ಲಿ ಈ ಲೈಟುಗಳನ್ನು ಕಂಪ್ಯೂಟರ್ ಬಾಕ್ಸ್ ನೋಡಿಕೊಳ್ಳುತ್ತದೆ. ಅದು ಸುಟ್ಟರೆ ಖರ್ಚು ಟ್ರೇಲರ್‌ನ ಖರ್ಚಿಗಿಂತ ಜಾಸ್ತಿ ಆಗಬಹುದು.

ಎರಡನೆಯದು ಬ್ರೇಕಿನ ಹದ. ಬ್ರೇಕ್ ಲೈಟ್ ಅಂದರೆ ಇದೆ ಅಥವಾ ಇಲ್ಲ, ಅಷ್ಟೇ. ಪೆಡಲ್ ಮುಟ್ಟಿದರೂ ಪೂರ್ತಿ 12 ವೋಲ್ಟ್ ಹೋಗುತ್ತದೆ. ಟ್ರಾಫಿಕ್ಕಿನಲ್ಲಿ ಮೆಲ್ಲಗೆ ಪೆಡಲ್ ಮೇಲೆ ಕಾಲಿಟ್ಟರೆ ಹಿಂದಿನ ನಾಲ್ಕೂ ಗಾಲಿ ಜಾಮ್. ಮಳೆಯಲ್ಲಿ ಹಾಗಾದರೆ ಟ್ರೇಲರ್ ಪಕ್ಕಕ್ಕೆ ಜಾರುತ್ತದೆ. ಕಂಟ್ರೋಲರ್ ಇರುವುದು ಎಷ್ಟು ಬೇಕೋ ಅಷ್ಟೇ ಕರೆಂಟ್ ಕಳಿಸಲಿ ಅಂತ.

ಈಗ ನಾಲ್ಕು ವೈರ್ ಲೆಕ್ಕ. ಕಪ್ಪು, ಬ್ಯಾಟರಿಯ ಪ್ಲಸ್‌ಗೆ ನೇರವಾಗಿ, ನಡುವೆ 20 ಆಂಪಿಯರ್‌ನ ಬ್ರೇಕರ್. ಬಿಳಿ, ಬ್ಯಾಟರಿಯ ಮೈನಸ್‌ಗೆ. ಡ್ಯಾಶ್ ಒಳಗೆ ಕಂಡ ಯಾವುದೋ ಸ್ಕ್ರೂಗೆ ಬೇಡ. ಕೆಂಪು, ಬ್ರೇಕ್ ಪೆಡಲ್ ಸ್ವಿಚ್‌ನಿಂದ ಲೈಟಿಗೆ ಹೋಗುವ ವೈರಿಗೆ. ಇದು ಬರೀ ಸುದ್ದಿ ತಿಳಿಸುವ ವೈರ್, ಹೆಚ್ಚು ಕರೆಂಟ್ ಎಳೆಯುವುದಿಲ್ಲ. ನೀಲಿ, ಹಿಂದಿನ ಸಾಕೆಟ್ ಮೂಲಕ ಟ್ರೇಲರ್ ಮ್ಯಾಗ್ನೆಟ್‌ಗಳಿಗೆ. ಬ್ರೇಕಿನ ಭಾರವನ್ನೆಲ್ಲ ಕಪ್ಪು, ನೀಲಿ, ಬಿಳಿ ಹೊರುತ್ತವೆ. ಆ ಮೂರೂ ದಪ್ಪ ಇರಬೇಕು.

ಬೀದರ್ ಕೋಟೆ ಪಕ್ಕ

ನಾನು ಗಲ್ಫ್‌ನಲ್ಲಿ ಗ್ಯಾರೇಜಿನಲ್ಲಿ ಇದ್ದೆ. ಅಲ್ಲಿ ಫೋರ್ಡ್, ಶೆವ್ರೊಲೆ, ರ‍್ಯಾಮ್ ಪಿಕಪ್‌ಗಳಿಗೆ ಇದನ್ನು ತುಂಬಾ ಹಾಕುತ್ತಿದ್ದೆವು. ವಿಡಿಯೋದಲ್ಲಿ ಕಾಣುವ ಆ ಪ್ಲಗ್ ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲು ಬೇಕಾದ ಸಾಮಾನಿನ ಸೆಟ್) ಇರುವ ಗಾಡಿಗಳಲ್ಲಿ ಕಂಪನಿಯಿಂದಲೇ ಬರುತ್ತದೆ. ಫ್ಯೂಸ್, ದಪ್ಪ ವೈರ್, ಹಿಂದಿನ ಸಾಕೆಟ್ ಎಲ್ಲ ಮೊದಲೇ ಎಳೆದಿಟ್ಟಿರುತ್ತಾರೆ. ಹಾರ್ನೆಸ್ ಮಾಡುವುದು ಆ ಪ್ಲಗ್‌ಗೂ ಕಂಟ್ರೋಲರ್‌ಗೂ ನಡುವೆ ಸೇತುವೆ ಹಾಕುವ ಕೆಲಸ ಮಾತ್ರ. ನಮ್ಮಲ್ಲಿ ಆ ಪ್ಲಗ್ ಇಲ್ಲದ ಗಾಡಿಗೆ ಹಾರ್ನೆಸ್ ತರಿಸಿದರೆ ಸಿಕ್ಕಿಸಲು ಜಾಗವೇ ಇರುವುದಿಲ್ಲ. ದುಡ್ಡು ಹಾಳು. ಮಿಸ್ತ್ರಿ ಅಣ್ಣ ಹೇಳಿದ ಹಾಗೆ ಬ್ಯಾಟರಿಯಿಂದ ಹೊಸದಾಗಿ ಎಳೆಯುವುದೇ ದಾರಿ.

ಇನ್ನೊಂದು ಮಾತು. ಕಂಟ್ರೋಲರ್‌ಗಳಲ್ಲಿ ಎರಡು ಜಾತಿ. ಒಂದು, ಪೆಡಲ್ ಒತ್ತಿದ ಮೇಲೆ ನಿಧಾನವಾಗಿ ಕರೆಂಟ್ ಏರಿಸುವುದು. ನೀವು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದರ ಒಳಗೆ ಸೆನ್ಸರ್ ಇರುತ್ತದೆ. ಗಾಡಿಯ ವೇಗ ಎಷ್ಟು ಬೇಗ ಇಳಿಯುತ್ತಿದೆ ಅಂತ ನೋಡಿ ಅಷ್ಟೇ ಬ್ರೇಕ್ ಹಿಂದೆ ಕೊಡುತ್ತದೆ. ನಿಮ್ಮದು ಎರಡನೇ ಜಾತಿಯಾದರೆ ಗಾಡಿ ಹೋಗುವ ದಿಕ್ಕಿಗೆ ನೇರ ಕೂರಿಸಬೇಕು, ಅಲುಗಾಡಬಾರದು. ಡಬಲ್ ಸೈಡ್ ಟೇಪ್ ಸಾಲದು. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಡಬ್ಬಿ ವಾಲುತ್ತದೆ, ಆಮೇಲೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಬ್ರಾಕೆಟ್ ಹಾಕಿ ಸ್ಕ್ರೂ ಹಾಕಿ. ಮೊಣಕಾಲಿಗೆ ತಾಗದ ಜಾಗ ನೋಡಿ.

ಎರೆಹೊಲ, ಕಲಬುರಗಿ

ನನ್ನದು ಸೆನ್ಸರ್ ಇರುವುದೇ. ಬ್ರಾಕೆಟ್ ಡಬ್ಬಿಯಲ್ಲೇ ಇತ್ತು.

ಮಿಸ್ತ್ರಿ ಅಣ್ಣಾ, ದಪ್ಪ ಅಂದರೆ ಎಷ್ಟು? ಅಂಗಡಿಯಲ್ಲಿ 1.5 ಸಾಕು ಅಂತಾರೆ. ಮನೆ ವೈರಿಂಗ್‌ಗೆ ತಂದ 4 ಎಂಎಂ ಕಾಯಿಲ್ ಮನೆಯಲ್ಲಿ ಉಳಿದಿದೆ, ಅದನ್ನೇ ಹಾಕಬಹುದಾ?

ಪಾಲಿಟೆಕ್ನಿಕ್ ಎಲೆಕ್ಟ್ರಿಕಲ್, ಕಲಬುರಗಿ

ನಾನು ಡಿಪ್ಲೊಮಾ ಓದುತ್ತಿದ್ದೇನೆ. ಇದನ್ನು ಲೆಕ್ಕ ಮಾಡಿಯೇ ನೋಡಬಹುದು ಸರ್.

10 ಇಂಚಿನ ಬ್ರೇಕಿನ ಒಂದು ಮ್ಯಾಗ್ನೆಟ್ ಸುಮಾರು 3.2 ಓಮ್ ಇರುತ್ತದೆ. ನಾಲ್ಕು ಪ್ಯಾರಲಲ್ ಆದರೆ 0.8 ಓಮ್. ಬ್ಯಾಟರಿಯಿಂದ ಡ್ಯಾಶ್, ಅಲ್ಲಿಂದ ಹಿಂದಿನ ಸಾಕೆಟ್, ಅಲ್ಲಿಂದ ಟ್ರೇಲರ್ ಆಕ್ಸಲ್, ಎಲ್ಲ ಸೇರಿ 12 ಮೀಟರ್ ಅಂದುಕೊಳ್ಳಿ. ಕರೆಂಟ್ ಹೋಗಿ ವಾಪಸ್ಸೂ ಬರಬೇಕು, ಅಂದರೆ 24 ಮೀಟರ್ ತಾಮ್ರ.

1.5 ಎಂಎಂ (ಅಂದರೆ ಚದರ ಎಂಎಂ) ವೈರಿಗೆ ಮೀಟರಿಗೆ ಸುಮಾರು 0.0115 ಓಮ್. 24 ಮೀಟರಿಗೆ 0.28. ಆಗ 12 ವೋಲ್ಟಿನಲ್ಲಿ ಹರಿಯುವುದು 11 ಆಂಪಿಯರ್ ಮಾತ್ರ, 3 ವೋಲ್ಟ್ ವೈರಿನಲ್ಲೇ ಹೋಯಿತು. ಮ್ಯಾಗ್ನೆಟ್‌ಗೆ ಸಿಗುವುದು 9. ಅದೇ 4 ಎಂಎಂ ಹಾಕಿದರೆ 24 ಮೀಟರಿಗೆ 0.1 ಓಮ್ ಆಸುಪಾಸು. 13 ಆಂಪಿಯರ್ ಹರಿಯುತ್ತದೆ, ಕಳೆಯುವುದು ಒಂದೂವರೆ ವೋಲ್ಟ್ ಒಳಗೆ. ಪೂರ್ತಿ ಬ್ರೇಕ್ ಬೇಕಾದ ಹೊತ್ತಿನಲ್ಲೇ ಈ ವ್ಯತ್ಯಾಸ ಕಾಣುವುದು. ಮೆಲ್ಲಗೆ ಬ್ರೇಕ್ ಹಾಕುವಾಗ ಎರಡೂ ಒಂದೇ ಥರ ಅನಿಸಬಹುದು, ಅದಕ್ಕೇ 1.5 ಸಾಕು ಅಂತ ಮಂದಿ ನಂಬುತ್ತಾರೆ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ತಂಗಿ, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಇಷ್ಟು ವರ್ಷ ನಾನು ಕೈ ಅಂದಾಜಿನಲ್ಲಿ ಹೇಳುತ್ತಿದ್ದ ಮಾತಿಗೆ ಈಗ ಅಂಕಿ ಸಿಕ್ಕಿತು.

ಮನೆ ವೈರ್ ಬೇಡ. ತಾಮ್ರ ಒಂದೇ ಇರಬಹುದು, ಮೇಲಿನ ಪ್ಲಾಸ್ಟಿಕ್ ಬೇರೆ. ಸಾಮಾನ್ಯ ಮನೆ ವೈರಿನ ಪಿವಿಸಿ 70 ಡಿಗ್ರಿ ತನಕದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಲ್ಲಿ ನೆರಳಲ್ಲೇ 42, 43 ಆಗುತ್ತದೆ. ಬಾನೆಟ್ ಒಳಗೆ ಎಂಜಿನ್ ಪಕ್ಕ ಎಷ್ಟಾಗಬಹುದು ಯೋಚಿಸಿ. ಜೊತೆಗೆ ಡೀಸೆಲ್, ಆಯಿಲ್ ಹನಿ ಬೀಳುತ್ತದೆ. ಆಟೋ ಕೇಬಲ್ ಅಂತ ಕೇಳಿ ತನ್ನಿ. ಎಳೆಗಳು ಸಣ್ಣ, ಬಗ್ಗಿದರೂ ತುಂಡಾಗುವುದಿಲ್ಲ.

ಬ್ರೇಕರ್ ಬಗ್ಗೆ ಒಂದು ಮಾತು. ಮನೆಯ ಎಂಸಿಬಿ ತಂದು ಬಾನೆಟ್ ಒಳಗೆ ಕಟ್ಟಿದ ಗಾಡಿಗಳನ್ನು ನೋಡಿದ್ದೇನೆ. ಅದು ಆ ಜಾಗಕ್ಕೆ ಮಾಡಿದ್ದಲ್ಲ, ನೀರು ನುಗ್ಗುತ್ತದೆ, ಕುಲುಕಾಟಕ್ಕೆ ಬೀಳುತ್ತದೆ. ಗಾಡಿಗೆ ಬರುವ, ತಾನೇ ಮತ್ತೆ ಆನ್ ಆಗುವ ಬ್ರೇಕರ್ ಹಾಕಿ. ಫ್ಯೂಸ್ ಒಮ್ಮೆ ಹೋದರೆ ಹೋಯಿತು, ಇಳಿಜಾರಿನ ಮಧ್ಯೆ ಟ್ರೇಲರ್‌ಗೆ ಬ್ರೇಕೇ ಇಲ್ಲ. ಈ ಬ್ರೇಕರ್ ತಣ್ಣಗಾದ ಕೂಡಲೇ ಮತ್ತೆ ಕೂಡುತ್ತದೆ. ಬ್ಯಾಟರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು, ಯಾಕೆಂದರೆ ಬ್ಯಾಟರಿ ಮತ್ತು ಬ್ರೇಕರ್ ನಡುವಿನ ತುಂಡಿಗೆ ಯಾವ ಕಾವಲೂ ಇಲ್ಲ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಸ್ವಲ್ಪ ಹೊತ್ತು ಬಿಡಿ. ಡ್ಯಾಶ್ ಕೆಳಗೆ ಹಳದಿ ಕವರ್ ಅಥವಾ ಹಳದಿ ಕನೆಕ್ಟರ್ ಇರುವ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಮುಟ್ಟಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ತಾಗಿಸಲೇಬೇಡಿ.

ಯಾದಗಿರಿ ಭೀಮಾ ದಂಡೆ

ಕೆಂಪು ವೈರ್ ಯಾವುದಕ್ಕೆ ಸೇರಿಸಬೇಕು ಅಂತ ಗೊತ್ತಾಗುವುದು ಹೇಗೆ? ನನ್ನ ಗಾಡಿಯ ಪೆಡಲ್ ಸ್ವಿಚ್‌ನಿಂದ ನಾಲ್ಕು ವೈರ್ ಬರುತ್ತವೆ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಒಳ್ಳೆ ಪ್ರಶ್ನೆ. ಈಗಿನ ಗಾಡಿಗಳಲ್ಲಿ ಆ ಸ್ವಿಚ್ ಒಳಗೆ ಎರಡು ಸ್ವಿಚ್ ಇರುತ್ತವೆ. ಒಂದು ಲೈಟಿಗೆ, ಇನ್ನೊಂದು ಎಂಜಿನ್ ಕಂಪ್ಯೂಟರ್‌ಗೆ. ಎರಡನೆಯದು ಉಲ್ಟಾ ಕೆಲಸ ಮಾಡುತ್ತದೆ, ಪೆಡಲ್ ಬಿಟ್ಟಾಗ ಕರೆಂಟ್ ಇರುತ್ತದೆ, ಒತ್ತಿದಾಗ ಹೋಗುತ್ತದೆ. ಅದಕ್ಕೆ ಕೈ ಹಾಕಿದರೆ ಕ್ರೂಸ್ ಕಂಟ್ರೋಲ್ ನಿಲ್ಲಬಹುದು, ಚೆಕ್ ಎಂಜಿನ್ ಲೈಟ್ ಹತ್ತಬಹುದು.

ಬ್ಯಾಟರಿ ಮತ್ತೆ ಹಾಕಿ ಮಲ್ಟಿಮೀಟರ್‌ನಿಂದ ನೋಡಿ. ಪೆಡಲ್ ಬಿಟ್ಟಾಗ ಸೊನ್ನೆ, ಒತ್ತಿದಾಗ 12. ಚಾವಿ ಇದ್ದರೂ ಇಲ್ಲದಿದ್ದರೂ ಹಾಗೆಯೇ ಇರಬೇಕು. ಲೈಟ್ ಸ್ವಿಚ್ ಆನ್ ಮಾಡಿದಾಗ, ಇಂಡಿಕೇಟರ್ ಹಾಕಿದಾಗ ಬದಲಾಗಬಾರದು. ಆ ವೈರ್ ನಿಮ್ಮದು. ಇನ್ಸುಲೇಷನ್ ಕೆರೆದು ಸುತ್ತಿ ಟೇಪ್ ಹಚ್ಚುವ ಜಾಯಿಂಟ್ ಬೇಡ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಇಲ್ಲವೇ ಸ್ವಿಚ್‌ನ ಕನೆಕ್ಟರ್‌ಗೆ ಹೊಂದುವ ಗಂಡು ಹೆಣ್ಣು ಜೋಡಿ ತಂದು ನಡುವೆ ಕೂರಿಸಿ. ಹಾಗೆ ಮಾಡಿದರೆ ಗಾಡಿಯ ಒಂದು ವೈರೂ ಕತ್ತರಿಸಬೇಕಿಲ್ಲ, ನಾಳೆ ಬೇಡ ಅಂದರೆ ತೆಗೆದಿಡಬಹುದು.

ಇನ್ನೂ ಒಂದು. ಕೆಲವು ಕಂಟ್ರೋಲರ್‌ಗಳಲ್ಲಿ ಕೈಯಿಂದ ಬ್ರೇಕ್ ಕೊಡುವ ಲಿವರ್ ಒತ್ತಿದಾಗ ಇದೇ ಕೆಂಪು ವೈರಿನಿಂದ ಕರೆಂಟ್ ವಾಪಸ್ ಬಂದು ಬ್ರೇಕ್ ಲೈಟ್ ಹತ್ತಿಸುತ್ತದೆ. ಕಂಪ್ಯೂಟರ್ ನೋಡಿಕೊಳ್ಳುವ ಲೈಟ್ ಇರುವ ಗಾಡಿಗೆ ಇದು ಆಗಿಬರುವುದಿಲ್ಲ. ಕಂಟ್ರೋಲರ್ ಪುಸ್ತಕ ಓದಿ, ಬೇಕಾದರೆ ನಡುವೆ ರಿಲೇ ಹಾಕಿಸಿ.

ಬೀದರ್ ಕೋಟೆ ಪಕ್ಕ

ಎರೆಹೊಲ ಅಣ್ಣಾ, ಟ್ರೇಲರ್ ಸಾಕೆಟ್ ಯಾವುದು? ಇದನ್ನು ಮೊದಲು ತಿಳಿಸಿ, ಬಣ್ಣದ ವಿಷಯದಲ್ಲೇ ದೊಡ್ಡ ಅಪಾಯ ಇದೆ.

ಎರೆಹೊಲ, ಕಲಬುರಗಿ

ಗಾಡಿಯಲ್ಲಿ ಟೋ ಬಾರ್ ಜೊತೆ ಬಂದ ಗುಂಡನೆಯ 7 ಪಿನ್ ಇದೆ, ಟ್ರಾಕ್ಟರ್ ಟ್ರಾಲಿಗೆ ಹಾಕುವ ಥರದ್ದು. ಟ್ರೇಲರ್‌ನಲ್ಲಿ ಆಕ್ಸಲ್ ಜೊತೆ ಬಂದ ಅಮೆರಿಕದ ಚಪ್ಪಟೆ ಪಿನ್‌ನ 7 ದಾರಿ ಪ್ಲಗ್. ಒಂದನ್ನು ಕತ್ತರಿಸಿ ಬಣ್ಣಕ್ಕೆ ಬಣ್ಣ ಸೇರಿಸೋಣ ಅಂತಿದ್ದೆ.

ಬೀದರ್ ಕೋಟೆ ಪಕ್ಕ

ನಿಲ್ಲಿಸಿ! ಬಣ್ಣಕ್ಕೆ ಬಣ್ಣ ಸೇರಿಸಲೇಬೇಡಿ.

ಗುಂಡನೆಯದು ಐಎಸ್‌ಒ 1724 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದ್ದರೆ ಹೀಗೆ ಇರುತ್ತದೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್, ಕಂದು ಬಲಗಡೆಯ ಟೇಲ್ ಲೈಟ್, ಕಪ್ಪು ಎಡಗಡೆಯ ಟೇಲ್ ಲೈಟ್, ಕೆಂಪು ಬ್ರೇಕ್ ಲೈಟ್, ನೀಲಿ ಹಿಂದಿನ ಫಾಗ್ ಲ್ಯಾಂಪ್. ಅಮೆರಿಕದ ಟ್ರೇಲರ್‌ನಲ್ಲಿ ನೀಲಿ ಅಂದರೆ ಎಲೆಕ್ಟ್ರಿಕ್ ಬ್ರೇಕ್. ಕಪ್ಪು ಅಂದರೆ ಸದಾ ಇರುವ 12 ವೋಲ್ಟ್, ಟ್ರೇಲರ್ ಬ್ಯಾಟರಿ ಚಾರ್ಜ್ ಮಾಡಲು.

ಬಣ್ಣ ನೋಡಿ ಸೇರಿಸಿದರೆ ಏನಾಗುತ್ತದೆ? ಚಳಿಗಾಲದಲ್ಲಿ ಬೆಳಗಿನ ಮಂಜಿನಲ್ಲಿ ಫಾಗ್ ಲ್ಯಾಂಪ್ ಹಾಕಿದರೆ ಟ್ರೇಲರ್‌ನ ನಾಲ್ಕೂ ಗಾಲಿಗೆ ಪೂರ್ತಿ ಬ್ರೇಕ್ ಬೀಳುತ್ತದೆ. ಟ್ರೇಲರ್ ಮೇಲಿನ ಬ್ಯಾಟರಿ ಗಾಡಿಯ ಟೇಲ್ ಲೈಟ್ ವೈರಿಗೆ ಸೇರುತ್ತದೆ, ಗಾಡಿ ಆಫ್ ಮಾಡಿದರೂ ಲೈಟ್ ಉರಿಯುತ್ತಲೇ ಇರುತ್ತದೆ.

ಲೈಟಿನದೂ ಬೇರೆ ಕತೆ. ಅಮೆರಿಕದ ಟ್ರೇಲರ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಲೈಟ್, ಇಂಡಿಕೇಟರ್ ಎರಡಕ್ಕೂ ಒಂದೇ ಕೆಂಪು ಬಲ್ಬ್. ನಮ್ಮ ಗಾಡಿಗಳಲ್ಲಿ ಇಂಡಿಕೇಟರ್ ಬೇರೆ, ಹಳದಿ. ಆ ಲೈಟ್ ತೆಗೆದು ನಮ್ಮ ಕಡೆಯ ಬೇರೆ ಬೇರೆ ಬಲ್ಬಿನ ಲೈಟ್ ಹಾಕಿಸಿ, ಸುಲಭ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಬೀದರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನಾದರೆ ಬ್ರೇಕಿಗೇ ಬೇರೆ ಪ್ಲಗ್ ಕೊಡುತ್ತೇನೆ. ಲೈಟುಗಳೆಲ್ಲ ಹಳೆ 7 ಪಿನ್ನಲ್ಲಿ. ಪಕ್ಕದಲ್ಲಿ ದಪ್ಪ ಪಿನ್‌ನ ಇನ್ನೊಂದು ಸಾಕೆಟ್, ಅದರಲ್ಲಿ ನೀಲಿ ಮತ್ತು ಬಿಳಿ ಮಾತ್ರ. ಯಾವತ್ತಾದರೂ ಬೇರೆಯವರ ಟ್ರಾಲಿ ನಿಮ್ಮ ಗಾಡಿಗೆ ಸಿಕ್ಕಿಸಿದರೂ ಗೊಂದಲ ಆಗುವುದಿಲ್ಲ. ಎರಡೂ ಸಾಕೆಟ್‌ಗೆ ಮುಚ್ಚಳ ಇರಲಿ. ಎರೆ ಮಣ್ಣು ಮಳೆಯಲ್ಲಿ ಒಳಗೆ ಹೊಕ್ಕು ಒಣಗಿದರೆ ಪಿನ್ ಕೆರೆದು ತೆಗೆಯಬೇಕಾಗುತ್ತದೆ.

ಸೇಡಂ ರಸ್ತೆ ಲಾರಿ

ಇದನ್ನೆಲ್ಲ ಓದಿ ಖುಷಿಯಾಯಿತು. ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಿಯೇ ಬಿಡುತ್ತೇನೆ. ಕಬ್ಬಿನ ಸೀಸನ್ ಬಂದರೆ ರಾತ್ರಿ ಹುಮನಾಬಾದ್ ಕಡೆ, ಅಫಜಲಪುರ ಕಡೆ ಲಾರಿ ಓಡಿಸಲು ನನಗೆ ಭಯ ಆಗುತ್ತದೆ. ಒಂದು ಟ್ರಾಕ್ಟರ್‌ಗೆ ಎರಡು ಟ್ರಾಲಿ. ಎಷ್ಟೋ ಟ್ರಾಲಿಗಳಿಗೆ ಹಿಂದೆ ಒಂದು ಕೆಂಪು ಲೈಟೂ ಇಲ್ಲ. ಕಬ್ಬು ಹೊರಗೆ ಚಾಚಿರುತ್ತದೆ, ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ಇಳಿಜಾರು ಬಂದರೆ ಟ್ರಾಕ್ಟರ್‌ನ ಬ್ರೇಕ್ ಒಂದೇ ಆಧಾರ. ಒಂದೂವರೆ ಟನ್ನಿಗೆ ಇಷ್ಟು ಯೋಚನೆ ಮಾಡುವವರು ಇದ್ದಾರೆ ಅಂತ ಗೊತ್ತಾಗಿ ಸಮಾಧಾನ ಆಯಿತು. ಟ್ರಾಲಿ ಇರುವ ರೈತರು ದಯವಿಟ್ಟು ರಿಫ್ಲೆಕ್ಟರ್ ಟೇಪ್ ಆದರೂ ಹಚ್ಚಿ. ದೊಡ್ಡ ಖರ್ಚಲ್ಲ.

ಎರೆಹೊಲ, ಕಲಬುರಗಿ

ಲಾರಿ ಅಣ್ಣಾ, ನಿಮ್ಮ ಮಾತು ನಿಜ. ಟ್ರೇಲರ್ ಹಿಂದೆ, ಪಕ್ಕದಲ್ಲಿ ಎಲ್ಲ ಟೇಪ್ ಹಚ್ಚಿದ್ದೇನೆ.

ಕೆಲಸ ಆಯಿತು, ಎಲ್ಲರಿಗೂ ತಿಳಿಸೋಣ ಅಂತ ಬಂದೆ. ವೈರ್ ಎಲ್ಲ 4 ಎಂಎಂ ಆಟೋ ಕೇಬಲ್. ಬಾನೆಟ್‌ನಿಂದ ಒಳಗೆ ಬರಲು ಹೊಸ ತೂತು ಕೊರೆಯಲಿಲ್ಲ, ಇದ್ದ ರಬ್ಬರ್ ಗ್ರೊಮೆಟ್ ಮೂಲಕವೇ ದಾಟಿಸಿದೆವು. ಛಾಸಿ ಉದ್ದಕ್ಕೂ ಫ್ಲೆಕ್ಸಿಬಲ್ ಪೈಪ್ ಒಳಗೆ, ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಅಡಿಗೊಂದು ಟೈ. ಬ್ರೇಕಿಗೆ ಬೇರೆ ಪ್ಲಗ್ ಹಾಕಿಸಿದೆ.

ಆದರೆ ಒಂದು ತೊಂದರೆ. ಬ್ರೇಕ್ ಹಿಡಿಯುತ್ತದೆ, ಸಾಕಷ್ಟು ಹಿಡಿಯುವುದಿಲ್ಲ. ಕಂಟ್ರೋಲರ್ ಡಬ್ಬಿಯಲ್ಲಿ ಬ್ರೇಕಿನ ಜೋರು ಪೂರ್ತಿ ಏರಿಸಿದರೂ ಗಾಲಿ ಜಾಮ್ ಆಗುತ್ತಿಲ್ಲ. ಹಿಂದಿನ ಆಕ್ಸಲ್ ಅಂತೂ ಇದ್ದೂ ಇಲ್ಲದ ಹಾಗೆ. ನಿಲ್ಲಿಸಿ ಲಿವರ್ ಒತ್ತಿದರೆ ನಾಲ್ಕೂ ಕಡೆ ಗುಂಯ್ ಅಂತ ಸದ್ದು ಬರುತ್ತದೆ.

ಪಾಲಿಟೆಕ್ನಿಕ್ ಎಲೆಕ್ಟ್ರಿಕಲ್, ಕಲಬುರಗಿ

ಸರ್, ಕರೆಂಟ್ ಅಳೆದಿರಾ? ಒಂದು ಎಚ್ಚರಿಕೆ: ಸಾಮಾನ್ಯ ಮಲ್ಟಿಮೀಟರ್‌ನ ಆಂಪಿಯರ್ ತೂತು 10 ಆಂಪಿಯರ್ ತನಕ ಮಾತ್ರ. ನಾಲ್ಕೂ ಗಾಲಿ ಒಟ್ಟಿಗೆ ಅಳೆದರೆ ಅದರ ಫ್ಯೂಸ್ ಹೋಗುತ್ತದೆ. ಒಂದೊಂದೇ ಗಾಲಿ ಅಳೆಯಿರಿ. ಕ್ಲ್ಯಾಂಪ್ ಮೀಟರ್ ಇದ್ದರೆ ಅದು ಡಿಸಿ ಅಳೆಯುತ್ತದಾ ನೋಡಿ, ಅಗ್ಗದವು ಎಸಿ ಮಾತ್ರ ಅಳೆಯುತ್ತವೆ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಸದ್ದು ಬಂತು ಅಂತ ಬ್ರೇಕ್ ಇದೆ ಅಂದುಕೊಳ್ಳಬೇಡಿ. ಈ ಬ್ರೇಕ್ ಕೆಲಸ ಮಾಡುವ ರೀತಿಯೇ ಬೇರೆ. ಮ್ಯಾಗ್ನೆಟ್ ನೇರವಾಗಿ ಶೂ ಒತ್ತುವುದಿಲ್ಲ. ತಿರುಗುತ್ತಿರುವ ಡ್ರಮ್‌ನ ಒಳಮುಖಕ್ಕೆ ಅಂಟುತ್ತದೆ, ಡ್ರಮ್ ಅದನ್ನು ಎಳೆದುಕೊಂಡು ಹೋಗುತ್ತದೆ, ಆಗ ಅದರ ತೋಳು ತಿರುಗಿ ಶೂಗಳನ್ನು ಅಗಲಿಸುತ್ತದೆ. ಗಾಡಿ ನಿಂತಿದ್ದರೆ ಸುಮ್ನೆ ಅಂಟುತ್ತದೆ ಅಷ್ಟೇ. ಅದಕ್ಕೇ ಇದನ್ನು ಪಾರ್ಕಿಂಗ್ ಬ್ರೇಕ್ ಅಂತಲೂ ನಂಬಬಾರದು. ಇಳಿಜಾರಿನಲ್ಲಿ ಬಿಚ್ಚುವಾಗ ಗಾಲಿಗೆ ಕಲ್ಲು ಕೊಡಲೇಬೇಕು.

ಈಗ ಹೀಗೆ ಮಾಡಿ. ಮೀಟರ್ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಗಾಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಟ್ರೇಲರ್‌ನ ಹಿಂದಿನ ಆಕ್ಸಲ್‌ನ ಕಬ್ಬಿಣಕ್ಕೆ. ಮತ್ತೊಬ್ಬರು ಲಿವರ್ ಪೂರ್ತಿ ಒತ್ತಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ.

ಎರೆಹೊಲ, ಕಲಬುರಗಿ

2.6 ವೋಲ್ಟ್ ತೋರಿಸುತ್ತಿದೆ ಅಣ್ಣಾ!

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಸಿಕ್ಕಿತು. ಪ್ರತಿ ಮ್ಯಾಗ್ನೆಟ್‌ನಿಂದ ಎರಡು ವೈರ್ ಬರುತ್ತವೆ. ಪ್ಲಸ್ ಮೈನಸ್ ಭೇದ ಇಲ್ಲ, ಒಂದು ನೀಲಿಗೆ, ಒಂದು ಅರ್ತ್‌ಗೆ. ಆ ಅರ್ತ್ ಎಲ್ಲಿಗೆ ಹೋಗಿದೆ ನೋಡಿ.

ಎರೆಹೊಲ, ಕಲಬುರಗಿ

ಟ್ರೇಲರ್ ಮಾಡಿಕೊಟ್ಟ ವರ್ಕ್‌ಶಾಪಿನವರು ಆಕ್ಸಲ್ ಪಕ್ಕದ ಕಬ್ಬಿಣದ ಆಂಗಲ್‌ಗೆ ಬೋಲ್ಟ್ ಹಾಕಿ ಬಿಟ್ಟಿದ್ದಾರೆ. ಪೇಂಟ್ ಮೇಲೇ! ಕೆಳಗೆ ಪೇಂಟ್ ಕೆರೆದೇ ಇಲ್ಲ. ನನ್ನ ಹೊಸ ಬಿಳಿ ವೈರ್ ಟ್ರೇಲರ್‌ನ ಮುಂದಿನ ತುದಿಯ ತನಕ ಬಂದಿದೆ, ಅಲ್ಲಿಂದ ಹಿಂದಕ್ಕೆ ಛಾಸಿಯನ್ನೇ ನಂಬಿದ್ದಾರೆ. ಲೋಡ್ ಹಾಕಿದಾಗ ಇದ್ದ ಅಲ್ಪಸ್ವಲ್ಪ ಬ್ರೇಕೂ ಹುಕ್ಕಿನ ಗುಂಡಿನ (ಟ್ರೇಲರ್ ಸಿಕ್ಕಿಸುವ ಗುಂಡು) ಮೂಲಕ ವಾಪಸ್ ಬರುವ ಕರೆಂಟಿನಿಂದ ಇರಬೇಕು. ಗುಂಡಿಗೆ ಗ್ರೀಸ್ ಇದೆ, ತುಕ್ಕೂ ಇದೆ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಹುಕ್ಕಿನ ಗುಂಡನ್ನು ಅರ್ತ್ ಅಂತ ಎಂದೂ ಲೆಕ್ಕಕ್ಕೆ ತಗೋಬಾರದು. ತಗ್ಗು ದಿಣ್ಣೆಯಲ್ಲಿ ಅದು ಬಿಟ್ಟು ಬಿಟ್ಟು ತಾಗುತ್ತದೆ, ಬ್ರೇಕ್ ಬಂದು ಹೋಗಿ ಮಾಡುತ್ತದೆ. ಬಿಳಿ ವೈರನ್ನು ಎರಡೂ ಆಕ್ಸಲ್ ತನಕ ಎಳೆಯಿರಿ. ನಾಲ್ಕೂ ಮ್ಯಾಗ್ನೆಟ್‌ನ ಅರ್ತ್‌ಗಳು ಆ ವೈರಿಗೇ ಬರಲಿ. ಛಾಸಿಗೂ ಒಂದು ಕಡೆ ಸೇರಿಸಿ, ಪೇಂಟ್ ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ, ಬಿಗಿದು, ಮೇಲೆ ಗ್ರೀಸ್. ವೈರ್ ತುದಿಯ ಲಗ್‌ಗಳನ್ನು ಇಕ್ಕಳದಲ್ಲಿ ಅದುಮಬೇಡಿ, ಕ್ರಿಂಪಿಂಗ್ ಟೂಲ್ ಇರುವ ಕಡೆ ಮಾಡಿಸಿ.

ಹಾಗೆಯೇ ಆಕ್ಸಲ್ ಪೈಪಿನ ಒಳಗೆ ಎಡದಿಂದ ಬಲಕ್ಕೆ ಹೋಗುವ ವೈರ್ ಇದ್ದರೆ ತೆಗೆದು ನೋಡಿ. ಒಳಗೆ ತಿಕ್ಕಿ ತಿಕ್ಕಿ ಸುಲಿದಿರುವ ಸಾಧ್ಯತೆ ಇರುತ್ತದೆ.

ಎರೆಹೊಲ, ಕಲಬುರಗಿ

ಅರ್ತ್ ಬದಲಾಯಿಸಿದ ಮೇಲೆ ಅದೇ ಜಾಗದಲ್ಲಿ 0.3 ವೋಲ್ಟ್. ಒಂದೊಂದು ಗಾಲಿ 3.3, 3.4 ಆಂಪಿಯರ್, ನಾಲ್ಕೂ ಒಂದೇ ಸಮ. ಖಾಲಿ ಲೇಔಟಿನಲ್ಲಿ ಲೋಡ್ ಹಾಕಿಕೊಂಡು ಓಡಿಸಿ ಲಿವರ್ ಒತ್ತಿದೆ. ಟ್ರೇಲರ್ ಹಿಂದಕ್ಕೆ ಹಿಡಿದು ಎಳೆಯಿತು! ಮಿಸ್ತ್ರಿ ಅಣ್ಣನಿಗೆ, ತಂಗಿಗೆ, ಬೀದರ್ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಈಗ ಡಬ್ಬಿಯಲ್ಲಿ ಎಷ್ಟಕ್ಕೆ ಇಡಬೇಕು?

ಬೀದರ್ ಕೋಟೆ ಪಕ್ಕ

ನಂಬರ್ ಹೇಳಲು ಆಗುವುದಿಲ್ಲ, ಲೋಡ್ ಮೇಲೆ ಹೋಗುತ್ತದೆ. ಮೊದಲು ಹೊಸ ಶೂ ಡ್ರಮ್ಮಿಗೆ ಹೊಂದಬೇಕು. ಖಾಲಿ ರಸ್ತೆಯಲ್ಲಿ 65 ಕಿ.ಮೀ. ವೇಗದಿಂದ 30ಕ್ಕೆ ಇಳಿಸುತ್ತಾ ಟ್ರೇಲರ್ ಬ್ರೇಕ್ ಕೊಡಿ. ಇಪ್ಪತ್ತು ಸಲ ಮಾಡಿ, ನಡುನಡುವೆ ಡ್ರಮ್ ತಣ್ಣಗಾಗಲು ಬಿಡಿ.

ಆಮೇಲೆ ಸಮತಟ್ಟು, ಒಣ ಡಾಂಬರಿನಲ್ಲಿ, ನಿಜವಾದ ಲೋಡಿನೊಂದಿಗೆ 40ರ ವೇಗದಲ್ಲಿ ಲಿವರ್ ಪೂರ್ತಿ ಒತ್ತಿ. ಗಾಲಿ ಜಾಮ್ ಆದರೆ ಕಡಿಮೆ ಮಾಡಿ. ಜಾಮ್ ಆಗುವುದಕ್ಕಿಂತ ಒಂಚೂರು ಕೆಳಗೆ ನಿಲ್ಲಿಸಿ. ಖಾಲಿ ಬರುವಾಗ ಮತ್ತೆ ಇಳಿಸಬೇಕು. ಮಳೆ, ಮೊರಮ್ ರಸ್ತೆಯಲ್ಲೂ ಇಳಿಸಬೇಕು. ಇದನ್ನು ಮರೆತರೆ ಖಾಲಿ ಟ್ರೇಲರ್ ಜಾಮ್ ಆಗಿ ಟೈರ್ ಒಂದೇ ಕಡೆ ಸವೆಯುತ್ತದೆ.

ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಬೀಳುವ ಸ್ವಿಚ್ ಇದೆಯಾ?

ಎರೆಹೊಲ, ಕಲಬುರಗಿ

ಸ್ವಿಚ್ ಬಂದಿದೆ, ಬ್ಯಾಟರಿ ಬಂದಿಲ್ಲ.

ಬೀದರ್ ಕೋಟೆ ಪಕ್ಕ

ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಆಗುತ್ತದೆ, ಗಂಜ್ ಕಡೆ ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ನೀರು ತಾಗದ ಡಬ್ಬಿಯಲ್ಲಿಡಿ. ಸ್ವಿಚ್ಚಿನ ತಂತಿಯನ್ನು ಗಾಡಿಯ ಛಾಸಿಗೆ ಕಟ್ಟಿ. ಹುಕ್ಕಿಗೆ ಅಥವಾ ಸರಪಳಿಗೆ ಕಟ್ಟಿದರೆ ಹುಕ್ಕೇ ಕಿತ್ತುಬಂದಾಗ ಪಿನ್ ಎಳೆಯುವವರು ಯಾರು? ಪರೀಕ್ಷೆ ಮಾಡುವಾಗ ಬ್ರೇಕ್ ಪ್ಲಗ್ ಕಳಚಿಟ್ಟು ಪಿನ್ ಎಳೆಯಿರಿ. ಪ್ಲಗ್ ಇದ್ದಾಗ ಎಳೆದರೆ ಟ್ರೇಲರ್ ಬ್ಯಾಟರಿಯ ಕರೆಂಟ್ ವಾಪಸ್ ಕಂಟ್ರೋಲರ್‌ಗೆ ನುಗ್ಗಿ ಅದು ಕೆಡಬಹುದು.

ಯಾದಗಿರಿ ಭೀಮಾ ದಂಡೆ

ಆರ್‌ಟಿಓ ಕಡೆ ತೊಂದರೆ ಇಲ್ವಾ? ನನಗೂ ಮಾಡಿಸಬೇಕು ಅಂತ ಆಸೆ.

ಎರೆಹೊಲ, ಕಲಬುರಗಿ

ಟ್ರೇಲರ್‌ಗೆ ಬೇರೆ ನೋಂದಣಿ, ಬೇರೆ ನಂಬರ್ ಬೇಕು. ನನ್ನದು ಕೆಎ 32ರಲ್ಲೇ ಆಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಅದಕ್ಕೆ ಟ್ರೇಲರ್ ಮಾಡಿಸುವ ಮೊದಲೇ ನಿಮ್ಮ ಯಾದಗಿರಿ ಆರ್‌ಟಿಓದಲ್ಲಿ ಕೇಳಿ. ಗಾಡಿಯ ಪುಸ್ತಕದಲ್ಲಿ ಎಷ್ಟು ಕೆಜಿ ಎಳೆಯಬಹುದು ಅಂತ ಇದೆಯೋ ಅದನ್ನು ಮೀರಬೇಡಿ. ಬ್ರೇಕ್ ಇದೆ ಅಂತ ಭಾರ ಹೆಚ್ಚಿಸುವ ಹಾಗಿಲ್ಲ. ಇನ್ಶೂರೆನ್ಸ್‌ನಲ್ಲೂ ಟ್ರೇಲರ್ ಸೇರಿಸಿ.

ಯಾದಗಿರಿ ಭೀಮಾ ದಂಡೆ

ಸರಿ ಅಣ್ಣಾ. ನನ್ನದು ಹಳೆ ಪಿಕಪ್, ವೈರಿಂಗ್ ಈಗಾಗಲೇ ಎಲ್ಲ ಕಡೆ ಜಾಯಿಂಟ್. ಒಂದೇ ಆಕ್ಸಲ್, ಮೇಲೆ ಪಂಪ್‌ಸೆಟ್ ಮತ್ತು ಪೈಪ್, 800 ಕೆಜಿ ಒಳಗೆ. ಕರೆಂಟ್ ಇಲ್ಲದೆ ಬ್ರೇಕ್ ಸಿಗುವ ದಾರಿ ಇದೆಯಾ?

ಬೀದರ್ ಕೋಟೆ ಪಕ್ಕ

ಇದೆ. ಓವರ್‌ರನ್ ಬ್ರೇಕ್ ಅಂತಾರೆ. ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ದೂಡುತ್ತದಲ್ಲ, ಆ ದೂಡುವ ಬಲವೇ ಹುಕ್ಕಿನ ಹಿಂದಿನ ದಂಡವನ್ನು ಒಳಕ್ಕೆ ತಳ್ಳಿ, ರಾಡ್ ಮತ್ತು ಕೇಬಲ್ ಮೂಲಕ ಬ್ರೇಕ್ ಎಳೆಯುತ್ತದೆ. ಯುರೋಪಿನಲ್ಲಿ 3500 ಕೆಜಿ ತನಕದ ಟ್ರೇಲರ್‌ಗಳಿಗೆ ಇದೇ ಸಾಮಾನ್ಯ. ನಿಮ್ಮ ಭಾರಕ್ಕೆ, ನಿಮ್ಮ ಹಳೆ ವೈರಿಂಗ್‌ಗೆ ಇದು ಒಳ್ಳೆಯದು. ರಿವರ್ಸ್ ಹೋಗುವಾಗಲೂ ದಂಡ ಒಳಗೆ ಹೋಗಿ ಬ್ರೇಕ್ ಬೀಳುತ್ತದೆ, ಅದನ್ನು ತಾನೇ ಬಿಡುವ ವ್ಯವಸ್ಥೆ ಇರುವ ಆಕ್ಸಲ್ ಕೇಳಿ ತಗೊಳ್ಳಿ. ಹೊಲದ ದಾರಿಯಲ್ಲಿ ರಿವರ್ಸ್ ಜಾಸ್ತಿ ಹೊಡೆಯಬೇಕಾಗುತ್ತದೆ ಅಲ್ವಾ.

ವೈರಿಂಗ್ ಮಿಸ್ತ್ರಿ, ಆಳಂದ ನಾಕಾ

ಯಾದಗಿರಿ ಅಣ್ಣಾ, ಬ್ರೇಕ್ ಯಾವುದಾದರೂ ಇರಲಿ, ಟೇಲ್ ಲೈಟ್ ವೈರ್ ಎಳೆಯಲೇಬೇಕು. ಇದ್ದ ಜಾಯಿಂಟ್‌ಗಳ ಮೇಲೆ ಇನ್ನೊಂದು ಜಾಯಿಂಟ್ ಬೇಡ. ಹಿಂದಿನ ಲೈಟಿನ ವೈರಿಂಗ್ ಒಂದನ್ನಾದರೂ ಫ್ಯೂಸ್‌ನಿಂದ ಸಾಕೆಟ್ ತನಕ ಹೊಸದು ಮಾಡಿಸಿ. ಪೈಪ್ ಒಳಗೆ ಹಾಕಿ, ರಾಶಿ ಹೊತ್ತಿನಲ್ಲಿ ಹೊಲದಲ್ಲಿ ರಾತ್ರಿ ನಿಲ್ಲಿಸಿದರೆ ಇಲಿ ಕಡಿಯುತ್ತದೆ. ಗಾಡಿ ಯಾವ ವರ್ಷದ್ದು ತಿಳಿಸಿ, ಎಷ್ಟು ಮೀಟರ್ ಬೇಕಾಗುತ್ತದೆ ಲೆಕ್ಕ ಹೇಳುತ್ತೇನೆ.